ಮಾಗಿಯ ಕೋಳಿಗೂಡು: ಕೆಳಗೆ ಒಣ, ಮೇಲೆ ಗಾಳಿ

ಮಲೆನಾಡಿನಲ್ಲಿ ಮಾಗಿ ಎಂದರೆ ಕೊಯ್ಲಿನ ಕಾಲ. ದೀಪಾವಳಿ ಕಳೆಯುತ್ತಿದ್ದಂತೆ ಗದ್ದೆಯಲ್ಲಿ ಭತ್ತ ಬಾಗುತ್ತದೆ, ತೋಟದಲ್ಲಿ ಅರೇಬಿಕಾ ಹಣ್ಣು ಕೆಂಪಾಗುತ್ತದೆ, ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ ಏರುತ್ತದೆ. ಮನೆಮಂದಿಯೆಲ್ಲ ಕೊಯ್ಲಿನ ಹಿಂದೆ ಓಡುವ ಇದೇ ದಿನಗಳಲ್ಲಿ ಹಿತ್ತಿಲ ಕೋಳಿಗೂಡಿಗೆ ಕಷ್ಟಕಾಲ ಶುರುವಾಗುತ್ತದೆ. ಜೂನ್‌ನಿಂದ ಸುರಿದ ಮಳೆಯ ನೀರು ಗೂಡಿನ ಮರದಲ್ಲಿ, ಮಣ್ಣಿನಲ್ಲಿ, ನೆಲದ ಹೊಟ್ಟಿನಲ್ಲಿ ಇನ್ನೂ ಉಳಿದಿರುತ್ತದೆ. ಅದರ ಮೇಲೆ ರಾತ್ರಿಯ ಚಳಿ, ಬೆಳಗಿನ ಇಬ್ಬನಿ ಬಂದು ಕೂರುತ್ತವೆ. ಹಗಲು ಮೇಯ್ದು ಬಂದ ಕೋಳಿ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಆ ಗೂಡಿನಲ್ಲೇ ಕಳೆಯಬೇಕು.

ನಾನು ಮೂಡಿಗೆರೆ ಸೀಮೆಯವಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಕೈಯಿಂದ ಕೋಳಿಗೂಡಿನ ಜವಾಬ್ದಾರಿ ನನ್ನ ಕೈಗೆ ಬಂತು. ಈಗ ನನ್ನ ಗೂಡಿನಲ್ಲಿ ನಾಟಿ ಹ್ಯಾಟೆಗಳಿವೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಇವೆ, ಒಂದೆರಡು ಬೋಳುಕತ್ತಿನವೂ ಇವೆ. ನಮ್ಮ ಸ್ವಸಹಾಯ ಸಂಘದ ಹೆಂಗಸರು ಹೊಸದಾಗಿ ಕೋಳಿ ಕಟ್ಟುವಾಗ ನನ್ನನ್ನು ಕರೆಯುತ್ತಾರೆ. ನವೆಂಬರ್ ಬಂತೆಂದರೆ ಎಲ್ಲರದೂ ಒಂದೇ ಪ್ರಶ್ನೆ: ಗೂಡನ್ನು ಬೆಚ್ಚಗೆ ಮಾಡುವುದು ಹೇಗೆ? ನನ್ನ ಉತ್ತರ ಪ್ರತಿ ವರ್ಷವೂ ಒಂದೇ. ಬೆಳೆದ ಕೋಳಿ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಒಣ ಜಾಗ ಮತ್ತು ಒಳ್ಳೆಯ ಗಾಳಿ ಕೊಟ್ಟರೆ ಸಾಕು. ಕೇಳಲು ಇಷ್ಟು ಸುಲಭವಾದ ಮಾತು ಗೂಡಿನಲ್ಲಿ ಜಾರಿಗೆ ಬರಬೇಕಾದರೆ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಗರಿಯೊಳಗಿನ ಬಿಸಿ

ಕೋಳಿಯ ಮೈ ನಮ್ಮದಕ್ಕಿಂತ ಬಿಸಿ. ನಮ್ಮ ಮೈ 37 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರದು ಸುಮಾರು 41. ಆ ಬಿಸಿಯನ್ನು ಹಿಡಿದಿಡುವುದು ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿ. ಚಳಿ ಹೆಚ್ಚಾದಾಗ ಕೋಳಿ ಗರಿ ಕೆದರಿ ಉಬ್ಬಿ ಕೂರುವುದನ್ನು ಎಲ್ಲರೂ ನೋಡಿದ್ದೇವೆ. ಹಾಗೆ ಉಬ್ಬಿದಾಗ ಗರಿಗಳ ನಡುವಿನ ಗಾಳಿಯ ಪದರ ದಪ್ಪವಾಗುತ್ತದೆ. ಗಳದ ಮೇಲೆ ಕುಳಿತು ಹೊಟ್ಟೆಯ ಗರಿಯಿಂದ ಕಾಲ್ಬೆರಳು ಮುಚ್ಚಿಕೊಂಡು, ತಲೆಯನ್ನು ರೆಕ್ಕೆಯ ಒಳಗೆ ಸೇರಿಸಿದರೆ ಬಿಸಿ ಹೊರಹೋಗುವ ದಾರಿಗಳೆಲ್ಲ ಬಂದ್ ಆದಂತೆ. ಪಕ್ಕದಲ್ಲಿ ಇನ್ನೊಂದು ಕೋಳಿ ಒತ್ತಿ ಕುಳಿತರೆ ಇಬ್ಬರಿಗೂ ಲಾಭ.

ಈ ಏರ್ಪಾಡು ಕೆಲಸ ಮಾಡಬೇಕಾದರೆ ಗರಿ ಒಣಗಿರಬೇಕು. ತೇವ ಹಿಡಿದ ಗರಿ ಅಂಟಿಕೊಳ್ಳುತ್ತದೆ, ಅದರೊಳಗೆ ಗಾಳಿ ನಿಲ್ಲುವುದಿಲ್ಲ. ನೇರವಾಗಿ ಬೀಸುವ ಶೀತಗಾಳಿಯೂ ಗರಿ ಎಬ್ಬಿಸಿ ಒಳಗಿನ ಬಿಸಿಗಾಳಿಯನ್ನು ಎಳೆದೊಯ್ಯುತ್ತದೆ. ಕೋಳಿಯನ್ನು ಕಾಡುವ ಚಳಿ ಎಂದರೆ ಈ ಎರಡೇ. ಒಣಗಿದ, ಗಾಳಿ ಬಡಿಯದ ಜಾಗದಲ್ಲಿ ತಾಪಮಾನ 10 ಡಿಗ್ರಿಗೆ ಇಳಿದರೂ ಬೆಳೆದ ಕೋಳಿಗೆ ಜೀವಭಯವಿಲ್ಲ.

ನಮ್ಮ ಕಾಡಂಚಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಡಿಸೆಂಬರ್ ರಾತ್ರಿಗಳನ್ನೂ ಮರದ ಕೊಂಬೆಯ ಮೇಲೆ ಕಳೆಯುತ್ತದೆ. ಅದಕ್ಕೆ ಗೋಡೆಯಿಲ್ಲ, ಗೋಣಿತಾಟಿಲ್ಲ. ದಟ್ಟ ಎಲೆಯ ಮರೆ, ಕಾಲಡಿಗೆ ಒಂದು ಕೊಂಬೆ, ಉಸಿರಿಗೆ ಶುದ್ಧ ಗಾಳಿ, ಇಷ್ಟರಲ್ಲೇ ಅದು ಬೆಳಗಿನ ಜಾವಕ್ಕೆ ಕೂಗುತ್ತದೆ. ನಮ್ಮ ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದರ ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು ವಂಶವಾಹಿ ಅಧ್ಯಯನಗಳು ಹೇಳುತ್ತವೆ. ಹಿತ್ತಿಲ ಕೋಳಿಯ ರಕ್ತದಲ್ಲೇ ಮರದ ಮೇಲೆ ಮಲಗುವ ಸ್ವಭಾವವಿದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಬದುಕಲು ಅದು ಹುಟ್ಟಿದ್ದಲ್ಲ.

ಬೋಳುಕತ್ತಿನ ಕೋಳಿಗೆ ಮಾತ್ರ ಸ್ವಲ್ಪ ಹೆಚ್ಚು ಕಾಳಜಿ ಬೇಕು. ಕುತ್ತಿಗೆಯಲ್ಲಷ್ಟೇ ಅಲ್ಲ, ಮೈಮೇಲೂ ಅದಕ್ಕೆ ಗರಿ ಕಡಿಮೆ. ಬೇಸಿಗೆಯಲ್ಲಿ ಅದೇ ಅನುಕೂಲ, ಮಾಗಿಯಲ್ಲಿ ಅದೇ ಕೊರತೆ. ಗರಿ ಉದುರಿ ಹೊಸದು ಬರುತ್ತಿರುವ ಹ್ಯಾಟೆಗಳಿಗೂ ಇದೇ ಮಾತು. ಇವುಗಳನ್ನು ಗಳದ ನಡುಭಾಗದಲ್ಲಿ, ಗೋಡೆಯ ಮರೆಯಿರುವ ಕಡೆ ಕೂರಿಸಿ.

ಮಳೆ ನಿಂತರೂ ನೀರು ಎಲ್ಲಿಂದ?

ಪಕ್ಕದ ತೋಟದ ಲೈನ್ ಮನೆಯ ಹುಡುಗಿಯೊಬ್ಬಳು ಹೋದ ಮಾಗಿಯಲ್ಲಿ ಓಡಿ ಬಂದಳು. "ಅಕ್ಕಾ, ಗಾಳಿ ಒಂಚೂರೂ ಹೋಗದ ಹಾಗೆ ಟಾರ್ಪಾಲ್ ಸುತ್ತಿದೀನಿ. ಆದ್ರೂ ಎರಡು ಕೋಳಿ ರಾತ್ರಿಯೆಲ್ಲ ಗೊರ ಗೊರ ಅಂತಾವೆ, ಮೂಗಲ್ಲಿ ಸೋರ್ತಿದೆ" ಅಂದಳು. ಬೆಳಿಗ್ಗೆ ಹೋಗಿ ಟಾರ್ಪಾಲಿನ್ ಎತ್ತಿದರೆ ಅದರ ಒಳಮೈ ತುಂಬ ನೀರಿನ ಹನಿ. ಕಣ್ಣು ಉರಿಯುವಷ್ಟು ಘಾಟು.

ಆ ನೀರು ಹೊರಗಿನಿಂದ ಬಂದದ್ದಲ್ಲ. ಲೆಕ್ಕ ಹಾಕಿ ನೋಡಿ. ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 200ರಿಂದ 250 ಮಿಲಿಲೀಟರ್ ನೀರು ಕುಡಿಯುತ್ತದೆ. 20 ಕೋಳಿಗೆ ನಾಲ್ಕರಿಂದ ಐದು ಲೀಟರ್ ಆಯಿತು. ಮೊಟ್ಟೆಗೆ ಹೋಗುವ ಸ್ವಲ್ಪ ಪಾಲು ಬಿಟ್ಟರೆ ಉಳಿದದ್ದೆಲ್ಲ ಉಸಿರಾಗಿ, ಹಿಕ್ಕೆಯಾಗಿ ಹೊರಬರಲೇಬೇಕು. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಹಗಲಿನದು ಅಂಗಳಕ್ಕೆ, ತೋಟಕ್ಕೆ ಹೋಯಿತು. ರಾತ್ರಿಯದು ಪೂರ್ತಿ ಗೂಡಿನೊಳಗೆ ಸೇರುತ್ತದೆ. ಬೆಚ್ಚನೆಯ ತೇವಗಾಳಿ ಮೇಲೇರಿ ತಣ್ಣನೆಯ ತಗಡಿಗೋ ಪ್ಲಾಸ್ಟಿಕ್ಕಿಗೋ ತಾಗಿದ ಕೂಡಲೇ ಹನಿಗಟ್ಟಿ ಕೋಳಿಯ ಬೆನ್ನ ಮೇಲೆ ಬೀಳುತ್ತದೆ. ಮುಚ್ಚಿದಷ್ಟೂ ಒದ್ದೆ ಹೆಚ್ಚುತ್ತದೆ.

ಘಾಟಿನ ಮೂಲವೂ ಈ ತೇವವೇ. ಕೋಳಿಗೆ ಬೇರೆ ಮೂತ್ರವಿಲ್ಲ; ಹಿಕ್ಕೆಯ ಮೇಲಿನ ಬಿಳಿ ಭಾಗವೇ ಅದರ ಯೂರಿಕ್ ಆಮ್ಲ. ಒದ್ದೆ ಹೊಟ್ಟಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಗಾಳಿಯ 10 ಲಕ್ಷ ಪಾಲಿನಲ್ಲಿ 20–25 ಪಾಲು ಅಮೋನಿಯಾ ಇದ್ದಾಗ ಅದು ನಮ್ಮ ಮೂಗಿಗೆ ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಕೋಳಿಯ ಕಣ್ಣು ಉರಿಯುತ್ತದೆ, ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳು ಹಾಳಾಗುತ್ತವೆ. ಧೂಳನ್ನೂ ರೋಗಾಣುವನ್ನೂ ಹೊರದೂಡುವುದು ಆ ರೋಮಗಳ ಕೆಲಸ. ಅವು ಸೋತ ಮೇಲೆ ಯಾವ ಉಸಿರಾಟದ ರೋಗವೂ ಸುಲಭವಾಗಿ ಒಳನುಗ್ಗುತ್ತದೆ. ಜನ ಇದನ್ನು 'ಚಳಿಗೆ ಶೀತ ಆಗಿದೆ' ಎನ್ನುತ್ತಾರೆ. ಆ ಹುಡುಗಿಯ ಗೂಡಿನಲ್ಲಿ ಆಗಿದ್ದು ಇದೇ. ಟಾರ್ಪಾಲಿನ್ ತೆಗೆದು, ಹೊಟ್ಟು ಬದಲಾಯಿಸಿ, ಸೊರಗಿದ ಎರಡು ಕೋಳಿಗಳನ್ನು ಬೇರೆ ಇಟ್ಟು ಪಶು ಆಸ್ಪತ್ರೆಯಿಂದ ಔಷಧ ತರಿಸಿದೆವು.

ಪರೀಕ್ಷೆಗೆ ಯಂತ್ರ ಬೇಡ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ, ಗಾಳಿ ಆಡುವ ಮೊದಲೇ, ಕುಕ್ಕರುಗಾಲಿನಲ್ಲಿ ಕುಳಿತು ಕೋಳಿಯ ಮೂಗಿನ ಎತ್ತರದಲ್ಲಿ ನಿಮ್ಮ ಮೂಗಿಟ್ಟು ಉಸಿರು ಎಳೆದುಕೊಳ್ಳಿ. ನಿಂತು ಮೂಸಿದರೆ ಸಾಲದು; ಘಾಟು ಹುಟ್ಟುವುದು ನೆಲದಲ್ಲಿ. ನಿಮಗೆ ಅಲ್ಲಿ ಹತ್ತು ನಿಮಿಷ ಕೂರಲು ಆಗದಿದ್ದರೆ ಕೋಳಿಗೂ ರಾತ್ರಿ ಕಳೆಯಲು ಆಗಿರುವುದಿಲ್ಲ.

ಎಲ್ಲಿ ಮುಚ್ಚಬೇಕು, ಎಲ್ಲಿ ತೆರೆಯಬೇಕು

ನವೆಂಬರ್ ಮೊದಲ ವಾರದ ನನ್ನ ಮೊದಲ ಕೆಲಸ, ಮಳೆಗಾಲಕ್ಕೆ ಕಟ್ಟಿದ ನೀಲಿ ಟಾರ್ಪಾಲಿನ್ ಬಿಚ್ಚುವುದು. ಮಳೆಗೆ ಅದು ಬೇಕು, ಮಾಗಿಗೆ ಬೇಡ. ಅದರ ಬದಲು ಗೋಣಿತಾಟು ಕಟ್ಟುತ್ತೇನೆ. ಗೋಣಿ ಗಾಳಿಯ ವೇಗ ತಡೆಯುತ್ತದೆ, ತೇವಗಾಳಿಯನ್ನು ಒಳಗೇ ಕೂಡಿಹಾಕುವುದಿಲ್ಲ. ಹಗಲು ಸುರುಳಿ ಸುತ್ತಿ ಮೇಲೆ ಕಟ್ಟಬಹುದು, ಒದ್ದೆಯಾದರೆ ಬಿಸಿಲಿಗೆ ಹಾಕಬಹುದು.

ಮಳೆಗಾಲದ ಗಾಳಿ ನಮಗೆ ಪಡುವಣದಿಂದ. ಮಾಗಿಯ ಶೀತಗಾಳಿ ಮೂಡಣದಿಂದ. ಹಾಗಾಗಿ ತಾಟಿನ ಜಾಗವೂ ಬದಲಾಗಬೇಕು. ಪೂರ್ವ ಮತ್ತು ಉತ್ತರದ ಬದಿಗಳನ್ನು ನೆಲದಿಂದ ಗಳದ ಮೇಲೆ ಒಂದಡಿಯವರೆಗೆ ಮುಚ್ಚಿ. ಅಂದರೆ ಗಳದ ಮೇಲೆ ಕುಳಿತ ಕೋಳಿಯ ತಲೆ ಪೂರ್ತಿ ಮರೆಯಲ್ಲಿರಬೇಕು. ಅದರ ಮೇಲೆ, ಸೂರಿನ ಕೆಳಗೆ, ಎದುರು ಬದುರಾಗಿ ಎರಡೂ ಕಡೆ ಅರ್ಧ ಅಡಿಯಷ್ಟು ಜಾಗ ರಾತ್ರಿಯೂ ತೆರೆದೇ ಇರಲಿ. ಬೆಚ್ಚನೆಯ ತೇವಗಾಳಿ ಹೊರಹೋಗುವ ದಾರಿ ಅದು. ಅಲ್ಲಿ ಸಣ್ಣ ಕಣ್ಣಿನ ಗಟ್ಟಿ ತಂತಿ ಬಲೆ ಹೊಡೆಯದಿದ್ದರೆ ಪುನುಗು ಬೆಕ್ಕು, ಕಾಡುಬೆಕ್ಕು ಅದೇ ದಾರಿಯಲ್ಲಿ ಇಳಿಯುತ್ತವೆ. ನೆಲದ ಬಳಿ ಹೆಗ್ಗಣ, ಮುಂಗುಸಿ ಕೊರೆದ ಕಿಂಡಿಗಳಿದ್ದರೆ ಕಲ್ಲು, ಮಣ್ಣು ಹಾಕಿ ಮೆತ್ತಿ.

ದಕ್ಷಿಣದ ಬದಿ ಹಗಲೆಲ್ಲ ತೆರೆದಿರಲಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ನಡುಹಗಲಿನಲ್ಲೂ ಬಿಸಿಲು ಓರೆಯಾಗಿ ಗೂಡಿನ ಒಳಕ್ಕೆ ಬೀಳುತ್ತದೆ. ರಾತ್ರಿಯ ತೇವವನ್ನು ಕಾಸಿಲ್ಲದೆ ಒಣಗಿಸುವವನು ಅವನೇ. ಗೂಡಿನ ಮೇಲೆ ಸಿಲ್ವರ್ ಓಕ್ ಕೊಂಬೆಯೋ ಬಾಳೆಯೋ ದಕ್ಷಿಣದ ಬಿಸಿಲಿಗೆ ಅಡ್ಡ ಬಂದಿದ್ದರೆ ಈಗಲೇ ಸವರಿಬಿಡಿ.

ಅಡಿಕೆ ದಬ್ಬೆಯ ನೆಲ ಹಾಕಿ ಕಂಬದ ಮೇಲೆ ಎತ್ತರಿಸಿದ ಗೂಡಾದರೆ ಇನ್ನೊಂದು ಎಚ್ಚರ. ಮಳೆಗಾಲದಲ್ಲಿ ಹಿಕ್ಕೆ ಕೆಳಗೆ ಬಿದ್ದು ಹೋಗಲಿ ಎಂದು ಬಿಟ್ಟ ಸಂದಿಗಳಲ್ಲೇ ಮಾಗಿಯ ಗಾಳಿ ಕೆಳಗಿನಿಂದ ಹೊಟ್ಟೆಗೆ ಹೊಡೆಯುತ್ತದೆ. ದಬ್ಬೆಯ ಮೇಲೆ ಗೋಣಿ ಹಾಸಿ ಅದರ ಮೇಲೆ ಹೊಟ್ಟು ಹರಡಿ, ಇಲ್ಲವೇ ಕಂಬಗಳ ಸುತ್ತ ಪೂರ್ವದ ಕಡೆಗೆ ಸೋಗೆ ಕಟ್ಟಿ. ತಗಡಿನ ಮಾಡಾದರೆ ಅದರ ಒಳಗಡೆ ಒಣ ಸೋಗೆಯನ್ನೋ ಭತ್ತದ ಹುಲ್ಲಿನ ಚಾಪೆಯನ್ನೋ ಕಟ್ಟಿದರೆ ಹನಿಗಟ್ಟುವುದು ನಿಲ್ಲುತ್ತದೆ.

ಕಟ್ಟಿದ್ದು ಸರಿಯಾಯಿತೇ ಎಂದು ನೋಡಲು ನಾನು ಊದುಬತ್ತಿ ಹಿಡಿಯುತ್ತೇನೆ. ಸಂಜೆ ಕೋಳಿ ಸೇರುವ ಮೊದಲು, ಒಳಗೆ ನಿಂತು, ಗಳದ ಎತ್ತರದಲ್ಲಿ ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ನೇರ ಮೇಲೇರಿ ಸೂರಿನ ಸಂದಿಯಲ್ಲಿ ಹೊರಹೋದರೆ ಗೂಡು ಸರಿಯಿದೆ. ಅಡ್ಡಕ್ಕೆ ಎಳೆದರೆ ಎಲ್ಲೋ ಸಂದಿ ಉಳಿದಿದೆ. ಅಲುಗದೆ ಅಲ್ಲಲ್ಲೇ ಸುತ್ತಿದರೆ ಮೇಲೆ ಇನ್ನಷ್ಟು ತೆರೆಯಬೇಕು.

ಇದು ಮಲೆನಾಡಿನ ಮಟ್ಟಿಗಷ್ಟೇ ನಡೆಯುವ ಮಾತಲ್ಲ. ಹಿಮ ಬೀಳುವ ಅಮೆರಿಕದಲ್ಲಿ ಪ್ರಿನ್ಸ್ ಟಿ. ವುಡ್ಸ್ ಎಂಬ ವೈದ್ಯ 1912ರಲ್ಲೇ ಎಲ್ಲ ಹವೆಗೂ ಹೊಂದುವ ತೆರೆದ ಕೋಳಿಗೂಡುಗಳ ಬಗ್ಗೆ ಪುಸ್ತಕ ಬರೆದ. ಅಂಥ ಗೂಡಿನ ದಕ್ಷಿಣದ ಮುಂಭಾಗಕ್ಕೆ ಬರೀ ತಂತಿ ಬಲೆ. ಉಳಿದ ಮೂರು ಕಡೆ ಗಾಳಿ ನುಸುಳದ ಗೋಡೆ. ಗೂಡು ಒಳಕ್ಕೆ ಉದ್ದ, ಗಳ ಇರುವುದು ಹಿಂಭಾಗದಲ್ಲಿ. ಗಾಳಿ ಮುಂದೆಯೇ ನಿಲ್ಲುತ್ತದೆ, ಉಸಿರಿಗೆ ಕೊರತೆಯಿಲ್ಲ. ಆ ದೇಶಗಳಲ್ಲಿ ಚಳಿಗೆ ಮೊದಲು ಪೆಟ್ಟು ತಿನ್ನುವುದು ಕೋಳಿಯ ಜುಟ್ಟು ಮತ್ತು ಗದ್ದದ ಜೋಲು. ಗರಿಯಿಲ್ಲದ ಆ ಭಾಗ ಹೆಪ್ಪುಗಟ್ಟಿ ಕಪ್ಪಾಗುತ್ತದೆ, ಗೂಡಿನಲ್ಲಿ ತೇವವಿದ್ದರೆ ಇನ್ನೂ ಬೇಗ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾ ಮಠದಲ್ಲಿ ಬ್ರದರ್ ವಿಲ್‌ಫ್ರಿಡ್ ಶಾತ್ಲೆನ್ ಎಂಬ ಸನ್ಯಾಸಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜುಟ್ಟೂ ಜೋಲೂ ತೀರಾ ಚಿಕ್ಕದಾಗಿರುವ ಶಾಂಟೆಕ್ಲೇರ್ ಎಂಬ ತಳಿಯನ್ನೇ ಬೆಳೆಸಿದ. ನಮ್ಮಲ್ಲಿ ಅಂಥ ಹೆಪ್ಪುಗಟ್ಟುವ ಚಳಿಯಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಬೀದರ್, ವಿಜಯಪುರದ ಬಯಲಿನಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೂ ಅದು ಒಣಚಳಿ. ಅಲ್ಲಿ ಗಾಳಿಗೆ ಮರೆ ಕಟ್ಟುವುದು ಮುಖ್ಯ. ಮಲೆನಾಡು, ಕೊಡಗಿನಲ್ಲಿ ತೇವ ಹೊರಹಾಕುವುದು ಮುಖ್ಯ.

ನೆಲದ ಹೊಟ್ಟು

ಮಳೆಗಾಲದ ಹೊಟ್ಟನ್ನು ಪೂರ್ತಿ ಕೆರೆದು ತೆಗೆಯಿರಿ. ಅದು ಗೊಬ್ಬರದ ಗುಂಡಿಗೆ ಹೋಗಿ ಕೊಳೆತು ಮುಂದೆ ಮೆಣಸಿನ ಬಳ್ಳಿಗೆ ಸಲ್ಲಲಿ. ಹಸಿ ಕೋಳಿಗೊಬ್ಬರ ನೇರ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಖಾಲಿ ನೆಲ ಎರಡು ಮೂರು ದಿನ ಒಣಗಲಿ. ಗೋಡೆಗೆ, ನೆಲಕ್ಕೆ ಸುಣ್ಣ ಬಳಿದು ಅದು ಚೆನ್ನಾಗಿ ಆರಿದ ಮೇಲೆ ಹೊಸ ಹೊಟ್ಟು ಹಾಸಿ.

ಭತ್ತದ ಕೊಯ್ಲಿನ ಹೊತ್ತಿಗೆ ಅಕ್ಕಿ ಗಿರಣಿಯಲ್ಲಿ ಒಣ ಹೊಟ್ಟು ಧಾರಾಳ ಸಿಗುತ್ತದೆ. ಮರದ ಹೊಟ್ಟು, ಶೇಂಗಾ ಸಿಪ್ಪೆಯೂ ಆಗುತ್ತದೆ. ಬೇರೆ ಕಾಲದಲ್ಲಿ ಎರಡು ಮೂರು ಇಂಚು ಸಾಕಾದರೆ ಮಾಗಿಗೆ ನಾಲ್ಕರಿಂದ ಆರು ಇಂಚು ದಪ್ಪ ಇರಲಿ. ಬೂಷ್ಟು ಹಿಡಿದ ಹೊಟ್ಟು ಪುಕ್ಕಟೆ ಸಿಕ್ಕಿದರೂ ತರಬೇಡಿ. ಅದರ ಶಿಲೀಂಧ್ರದ ಕಣಗಳು ಕೋಳಿಯ, ಮುಖ್ಯವಾಗಿ ಮರಿಯ, ಶ್ವಾಸಕೋಶದಲ್ಲಿ ಬೇರೂರಿ ಕೊಲ್ಲುತ್ತವೆ. ಅದಕ್ಕೆ ಔಷಧವಿಲ್ಲವೆಂದೇ ತಿಳಿಯಿರಿ.

ಹೊಟ್ಟನ್ನು ದಿನ ಬಿಟ್ಟು ದಿನ ಕೆದಕಿ ಮೇಲೆ ಕೆಳಗೆ ಮಾಡಬೇಕು. ಒಂದು ಹಿಡಿ ಜೋಳದ ಕಾಳು ಎರಚಿದರೆ ಕೋಳಿಗಳೇ ಆ ಕೆಲಸ ಮಾಡಿಕೊಡುತ್ತವೆ. ಹದ ನೋಡಲು ಒಂದು ಮುಷ್ಟಿ ಹೊಟ್ಟು ಹಿಂಡಿ ಕೈ ಬಿಚ್ಚಿ. ಉಂಡೆಯಾಗಿ ನಿಂತರೆ ತೇವ ಹೆಚ್ಚು. ಸ್ವಲ್ಪ ಅಂಟಿ ತಕ್ಷಣ ಬಿರಿದರೆ ಸರಿಯಾದ ಹದ. ಪುಡಿ ಪುಡಿಯಾಗಿ ಹಾರಿದರೆ ತೀರಾ ಒಣ, ಧೂಳೇಳುತ್ತದೆ. ನೀರಿನ ಪಾತ್ರೆಯ ಸುತ್ತ ಹೊಟ್ಟು ಬೇಗ ಒದ್ದೆಯಾಗುತ್ತದೆ. ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕಿಟ್ಟರೆ ಚೆಲ್ಲುವುದು ಕಡಿಮೆ. ಒದ್ದೆ ಹೊಟ್ಟಿನಲ್ಲೇ ರಕ್ತಭೇದಿಯ ರೋಗಾಣು ಬಲಿಯುವುದು. ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರ ಬಳಿ ಹೋಗಿ.

ಜಾಗದ ಲೆಕ್ಕವೂ ಇಲ್ಲಿಯೇ ಬರುತ್ತದೆ. ಒಂದು ಕೋಳಿಗೆ ಒಂದೂವರೆಯಿಂದ ಎರಡು ಚದರ ಅಡಿ ನೆಲ ಬೇಕು, ಗಳದ ಮೇಲೆ ಎಂಟು ಇಂಚು. 'ಒತ್ತೊತ್ತಾಗಿ ಇದ್ದರೆ ಬೆಚ್ಚಗಿರ್ತಾವೆ' ಎಂದು 15 ಕೋಳಿಯ ಗೂಡಿಗೆ 30 ತುಂಬಿದರೆ ಉಸಿರಿನ ನೀರೂ ಹಿಕ್ಕೆಯೂ ಎರಡು ಪಾಲು. ಯಾವ ಹೊಟ್ಟೂ ತಡೆಯುವುದಿಲ್ಲ.

ಗಳ ಮತ್ತು ನುಸಿ

ಕೋಳಿಯ ಹಾಸಿಗೆ ಗಳ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಅಂಚು ಒರೆದ, ಎರಡು ಇಂಚು ಅಗಲದ ಮರದ ಪಟ್ಟಿ ಒಳ್ಳೆಯದು. ಅಷ್ಟು ಅಗಲವಿದ್ದರೆ ಪಾದ ಚಪ್ಪಟೆಯಾಗಿ ಊರುತ್ತದೆ, ಹೊಟ್ಟೆಯ ಗರಿ ಬೆರಳನ್ನು ಪೂರ್ತಿ ಮುಚ್ಚುತ್ತದೆ. ಕಬ್ಬಿಣದ ಪೈಪು ಬೇಡ. ಅದು ಕಾಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಳದ ಕೆಳಗೆ ಒಂದು ಹಲಗೆಯಿಟ್ಟು ಮೇಲೆ ತೆಳ್ಳಗೆ ಹೊಟ್ಟು ಹರಡಿ. ರಾತ್ರಿಯ ಹಿಕ್ಕೆಯೆಲ್ಲ ಅಲ್ಲೇ ಬೀಳುತ್ತದೆ, ಬೆಳಿಗ್ಗೆ ಕೆರೆದು ತೆಗೆದರೆ ಗೂಡಿನ ಅರ್ಧ ತೇವ ಅಲ್ಲಿಗೇ ಮುಗಿಯುತ್ತದೆ.

ಗಳದ ತುದಿ, ಮರದ ಬಿರುಕುಗಳಲ್ಲಿ ಕೆಂಪು ನುಸಿ ಅಡಗಿರುತ್ತದೆ. ಹಗಲು ಕಾಣುವುದಿಲ್ಲ, ರಾತ್ರಿ ಹೊರಬಂದು ರಕ್ತ ಹೀರುತ್ತದೆ. ರಾತ್ರಿ ಟಾರ್ಚ್ ಹಿಡಿದು ಗಳದ ಕೆಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಗೆರೆ ಮೂಡಿದರೆ ನುಸಿ ಇದೆ. ಗಳ ಕಳಚಿ ಕುದಿಯುವ ನೀರು ಸುರಿದು, ಬಿಸಿಲಿಗೆ ಹಾಕಿ, ಬಿರುಕುಗಳಿಗೆ ಬೇವಿನೆಣ್ಣೆ ಹಚ್ಚಿ. ರಕ್ತ ಕಳೆದುಕೊಂಡ ಕೋಳಿಗೆ ಚಳಿ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಗೂಡಿನ ಹೊರಗೆ, ಬಿಸಿಲು ಬೀಳುವ ಮೂಲೆಯಲ್ಲಿ ಒಣ ಮಣ್ಣಿಗೆ ಒಲೆಯ ಬೂದಿ ಬೆರೆಸಿ ಇಟ್ಟರೆ ಅವು ಅದರಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತವೆ.

ಮರಿಗಳ ಮಾತೇ ಬೇರೆ

ಇದುವರೆಗೆ ಹೇಳಿದ್ದು ಬೆಳೆದ ಕೋಳಿಯ ವಿಷಯ. ಮರಿಗೆ ನಿಜವಾಗಿಯೂ ಕಾವು ಬೇಕು. ಹುಟ್ಟಿದ ಮರಿಯ ಮೈಮೇಲೆ ಇರುವುದು ತುಪ್ಪಳ, ಗರಿಯಲ್ಲ. ಮೈಬಿಸಿ ಕಾಯ್ದುಕೊಳ್ಳುವ ಶಕ್ತಿ ಬರಲು ಎರಡು ಮೂರು ವಾರ ಬೇಕು, ಗರಿ ತುಂಬಲು ಇನ್ನೂ ಹೆಚ್ಚು. ಮೊದಲ ವಾರ ಮರಿಗಳ ಎತ್ತರದಲ್ಲಿ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬೇಕು.

ನಾಟಿ ಹ್ಯಾಟೆಯಷ್ಟು ಒಳ್ಳೆಯ ಕಾವು ಯಾವುದೂ ಕೊಡದು. ಆದರೆ ಅವಳ ರೆಕ್ಕೆಗೂ ಮಿತಿ ಇದೆ. ಬೇಸಿಗೆಯಲ್ಲಿ ಹನ್ನೆರಡು, ಹದಿಮೂರು ಮೊಟ್ಟೆ ಕಾವಿಗೆ ಇಡುವ ನಾನು ಮಾಗಿಯಲ್ಲಿ ಎಂಟೊಂಬತ್ತಕ್ಕಿಂತ ಹೆಚ್ಚು ಇಡುವುದಿಲ್ಲ. 21 ದಿನ ಕಾವು ಕೂತು ಎಲ್ಲ ಮರಿ ಹೊರಬಂದರೂ ರೆಕ್ಕೆಯಡಿ ಜಾಗ ಸಿಗದೆ ಒಂದು ಹೊರಗುಳಿದರೆ ಅದು ಬೆಳಗಾಗುವವರೆಗೆ ಉಳಿಯದು. ತಾಯಿಯನ್ನೂ ಮರಿಯನ್ನೂ ರಾತ್ರಿ ಮಂಕರಿ ಕವುಚಿ ಒಳಮನೆಯಲ್ಲಿ ಇಡುವ ಅತ್ತೆಯ ಪದ್ಧತಿಯನ್ನು ನಾನೂ ಬಿಟ್ಟಿಲ್ಲ.

ಹ್ಯಾಚರಿಯಿಂದ ತಂದ ಗಿರಿರಾಜ, ಸ್ವರ್ಣಧಾರ ಮರಿಗಳಾದರೆ ಬಲ್ಬಿನ ಕಾವು ಬೇಕು. ತಗಡಿನಿಂದಲೋ ರಟ್ಟಿನಿಂದಲೋ ಒಂದೂವರೆ ಅಡಿ ಎತ್ತರದ ದುಂಡನೆಯ ಆವರಣ ಮಾಡಿ. ಮೂಲೆಗಳಿದ್ದರೆ ಮರಿಗಳು ಅಲ್ಲಿ ಗುಡ್ಡೆಬಿದ್ದು ಉಸಿರುಗಟ್ಟುತ್ತವೆ. ಮರಿಗೆ ಒಂದು ವ್ಯಾಟ್‌ನಂತೆ ಹಳೆಯ ಕಾಲದ ತಂತಿ ಬಲ್ಬು, ಚಳಿ ಜೋರಾಗಿದ್ದರೆ ಎರಡು ವ್ಯಾಟ್. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮರಿ ತರುವ ಕೆಲವು ಗಂಟೆ ಮೊದಲೇ ಬಲ್ಬು ಹೊತ್ತಿಸಿ, ನೆಲ ಬೆಚ್ಚಗಾಗಲಿ. ಬಲ್ಬನ್ನು ಸರಪಳಿಯಿಂದಲೇ ತೂಗುಹಾಕಿ, ವೈರಿನಿಂದ ಅಲ್ಲ. ಹೊಟ್ಟಿನ ಮೇಲೆ ಬಿದ್ದ ಒಂದು ಬಲ್ಬು ಇಡೀ ಗೂಡನ್ನೇ ಸುಡಬಲ್ಲದು.

ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒತ್ತಿಕೊಂಡು ಚೀರುತ್ತಿದ್ದರೆ ಚಳಿ. ಆವರಣದ ಅಂಚಿಗೆ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಎಲ್ಲ ಒಂದೇ ಬದಿಗೆ ಸರಿದಿದ್ದರೆ ಇನ್ನೊಂದು ಬದಿಯಿಂದ ಗಾಳಿ. ಎಲ್ಲೆಡೆ ಹರಡಿಕೊಂಡು ತಿನ್ನುತ್ತ ಮಲಗುತ್ತ ಇದ್ದರೆ ನೀವೂ ನಿಶ್ಚಿಂತೆಯಿಂದ ಮಲಗಬಹುದು.

ರಾತ್ರಿ ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಗೋಣಿಯಲ್ಲಿ ಸುತ್ತಿ ನಡುವೆ ಇಡಿ. ಮುಚ್ಚಿದ ಗೂಡಿನಲ್ಲಿ ಇದ್ದಿಲ ಕೆಂಡ ಇಡುವ ರೂಢಿ ಕೆಲವು ಕಡೆ ಇದೆ. ಅದನ್ನು ಖಂಡಿತ ಮಾಡಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳಗಾಗುವುದರೊಳಗೆ ಅಷ್ಟೂ ಮರಿಗಳು ಹೋಗಿರುತ್ತವೆ.

ಮೇವು, ನೀರು, ಬೆಳಕು

ಗೂಡಿನ ಕಾವು ಕೋಳಿಯ ಹೊಟ್ಟೆಯಿಂದ ಬರುತ್ತದೆ. ಚಳಿಯಲ್ಲಿ ಕೋಳಿ ಹೆಚ್ಚು ತಿನ್ನುತ್ತದೆ, ಅದಕ್ಕೆ ಅಡ್ಡಿ ಮಾಡಬೇಡಿ. ಗೂಡು ಸೇರುವ ಮೊದಲು ಮುಸುಕಿನ ಜೋಳದ ನುಚ್ಚು, ರಾಗಿ, ಭತ್ತ ಏನಾದರೂ ಒಂದು ಹಿಡಿ ಕಾಳು ಎರಚಿ. ಕುತ್ತಿಗೆಯ ಚೀಲ ತುಂಬಿಕೊಂಡು ಮಲಗಿದ ಕೋಳಿ ರಾತ್ರಿಯೆಲ್ಲ ಅದನ್ನು ಅರಗಿಸುತ್ತ ಮೈ ಕಾಯಿಸಿಕೊಳ್ಳುತ್ತದೆ. ಹೊಸ ಗರಿ ಬರುವ ಹ್ಯಾಟೆಗೆ ಪ್ರೋಟೀನ್ ಬೇಕು, ಏಕೆಂದರೆ ಗರಿಯ ಬಹುಪಾಲು ಪ್ರೋಟೀನೇ. ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ ಸ್ವಲ್ಪ ಬೆರೆಸಿ. ಮಳೆಗಾಲದಲ್ಲಿ ಉಳಿದು ಬೂಷ್ಟು ಹಿಡಿದ ಜೋಳ, ಹಿಂಡಿ ಮಾತ್ರ ಬೇಡ. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ತಿನ್ನುತ್ತದೆ.

ಮುಂಜಾನೆಯ ನೀರು ಕೊರೆಯುವಷ್ಟು ತಣ್ಣಗಿದ್ದರೆ ಕೋಳಿ ಕಡಿಮೆ ಕುಡಿಯುತ್ತದೆ. ನೀರು ಕಡಿಮೆಯಾದರೆ ತಿನ್ನುವುದೂ ಕಡಿಮೆ, ಮೊಟ್ಟೆಯೂ ಕಡಿಮೆ. ಬಚ್ಚಲ ಹಂಡೆಯ ಒಂದು ಚೊಂಬು ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಟ್ಟರೆ ಆಯಿತು.

ಮೊಟ್ಟೆ ಕಡಿಮೆಯಾಗುವುದಕ್ಕೆ ಚಳಿಗಿಂತ ದೊಡ್ಡ ಕಾರಣ ಬೆಳಕು. ಡಿಸೆಂಬರ್ ಕೊನೆಯಲ್ಲಿ ನಮ್ಮ ಹಗಲು ಸುಮಾರು 11 ಗಂಟೆ 20 ನಿಮಿಷ. ಚೆನ್ನಾಗಿ ಮೊಟ್ಟೆ ಇಡಲು ಕೋಳಿಗೆ 14ರಿಂದ 16 ಗಂಟೆಯ ಬೆಳಕು ಬೇಕು. ಮೊಟ್ಟೆ ಮಾರಿ ಸಂಸಾರ ತೂಗಿಸುವವರು ಸಣ್ಣ ಎಲ್‌ಇಡಿ ಬಲ್ಬನ್ನು ನಸುಕಿಗೆ ಮುಂಚೆ ಹಾಕಿ, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ ಬರಬಹುದು. ಸಂಜೆ ದೀಪ ಹಾಕಿ ಫಕ್ಕನೆ ಆರಿಸಿದರೆ ಕೋಳಿ ಗಳ ಹತ್ತಲಾಗದೆ ನೆಲದಲ್ಲೇ ಉಳಿಯುತ್ತದೆ. ಮನೆ ಮಟ್ಟಿಗೆ ನಾಟಿ ಕೋಳಿ ಸಾಕಿದವರು ಅವುಗಳಿಗೆ ವರ್ಷಕ್ಕೊಮ್ಮೆ ಈ ವಿಶ್ರಾಂತಿ ಸಿಗಲಿ ಎಂದು ಬಿಟ್ಟುಬಿಡುವುದೇ ಮೇಲು. ಗರಿ ಹೊಸದಾಗಿ, ಸಂಕ್ರಾಂತಿ ದಾಟಿ ಹಗಲು ಬೆಳೆದಂತೆ ಅವೇ ಮತ್ತೆ ಮೊಟ್ಟೆಗೆ ಬರುತ್ತವೆ.

ಲಸಿಕೆಯನ್ನು ಮಾತ್ರ ಮರೆಯಬೇಡಿ. ಕೊಕ್ಕರೆ ರೋಗ ಬಂದ ಮೇಲೆ ಚಿಕಿತ್ಸೆಯಿಲ್ಲ. ಮರಿಗೆ 5ರಿಂದ 7ನೇ ದಿನದಲ್ಲಿ ಎಫ್-1 ಅಥವಾ ಲಸೋಟಾ ಹನಿ, 8 ವಾರ ಕಳೆದ ಮೇಲೆ ಆರ್2ಬಿ ಚುಚ್ಚುಮದ್ದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಒಮ್ಮೆ ಕಲಸಿದರೆ ಹೆಚ್ಚು ಹೊತ್ತು ಇಡಲಾಗದು. ಒಬ್ಬರೇ ಹಾಕಿಸಿದರೆ ಪೋಲು, ಕೂಡಿ ಹಾಕಿಸಿದರೆ ಊರಿಗೇ ಕಾವಲು.

ಒಂದು ದಿನದ ಕೆಲಸ

ಈ ಪಟ್ಟಿ ಉದ್ದವೆನಿಸಬಹುದು. ಕೈ ಹಾಕಿದರೆ ಗೂಡಿನ ಕೆಲಸ ಅಷ್ಟೇನೂ ಇಲ್ಲ. ಹೊಟ್ಟು ಕೆರೆದು ನೆಲ ಒಣಗಲು ಬಿಟ್ಟರೆ, ಉಳಿದದ್ದು ಒಂದು ದಿನದ ದುಡಿಮೆ: ಟಾರ್ಪಾಲಿನ್ ಬಿಚ್ಚುವುದು, ಸುಣ್ಣ ಬಳಿಯುವುದು, ಮೇಲೆ ಬಲೆ ಹೊಡೆಯುವುದು, ಗೋಣಿತಾಟು ಕಟ್ಟುವುದು, ಗಳಕ್ಕೆ ಬೇವಿನೆಣ್ಣೆ ಹಚ್ಚುವುದು. ಹೊಟ್ಟು, ಸುಣ್ಣ, ಹಳೆಯ ಗೋಣಿ, ಒಂದಷ್ಟು ತಂತಿ ಬಲೆ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ.

ನಮ್ಮ ಕಡೆ ಕೋಳಿಯ ದುಡ್ಡು ಹೆಂಗಸರ ದುಡ್ಡು. ಮಕ್ಕಳ ನೋಟ್‌ಬುಕ್ಕು, ಸಂಘದ ವಾರದ ಕಂತು, ಯಾರನ್ನೂ ಕೇಳದೆ ತವರಿಗೆ ಹೋಗಿಬರುವ ಬಸ್ ಚಾರ್ಜು, ಎಲ್ಲ ಅದರಿಂದಲೇ. ಒಂದು ಗೂಡು ಮಾಗಿಯಲ್ಲಿ ಖಾಲಿಯಾದರೆ ಮತ್ತೆ ತುಂಬಲು ವರ್ಷ ಹಿಡಿಯುತ್ತದೆ. ಅದಕ್ಕೇ ನಾನು ಸಂಘದ ಸಭೆಯಲ್ಲಿ ಪ್ರತಿ ನವೆಂಬರಿನಲ್ಲೂ ಈ ಮಾತು ಎತ್ತುತ್ತೇನೆ. ಕಾಫಿ ಕೊಯ್ಲಿಗೆ ಆಳು ಗೊತ್ತುಮಾಡುವ ಮೊದಲು ಗೂಡಿಗೆ ಒಂದು ದಿನ ಎತ್ತಿಡಿ. ಆಮೇಲೆ ಪ್ರತಿ ಬೆಳಿಗ್ಗೆ ಬಾಗಿಲು ತೆಗೆಯುವಾಗ ಎರಡೇ ಪ್ರಶ್ನೆ ಕೇಳಿಕೊಳ್ಳಿ: ಹೊಟ್ಟು ಒಣಗಿದೆಯೇ, ಮೂಗಿಗೆ ಘಾಟು ಬಡಿಯುತ್ತಿದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಉತ್ತರ ಬಂದರೆ ಹೊರಗೆ ಎಷ್ಟೇ ಚಳಿಯಿದ್ದರೂ ನಿಮ್ಮ ಕೋಳಿಗಳು ಮಾಗಿ ದಾಟುತ್ತವೆ.